ನಿಂಬೆಹಣ್ಣು ಬದುಕಿಕೊಂಡ ಆಯುಧಪೂಜೆ

ಸೈಕಲ್ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಆ ಆಯುಧಪೂಜೆಯ ಬೆಳಿಗ್ಗೆಯವರೆಗೂ ನಾನು ನಂಬಿದ್ದೆ. ಬನಶಂಕರಿಯಿಂದ ಆಫೀಸಿಗೆ ವರ್ಷಗಟ್ಟಲೆ ಸೈಕಲ್ ತುಳಿದವನು ನಾನು. ಪಂಕ್ಚರ್ ಹಾಕಬಲ್ಲೆ, ಕಳಚಿದ ಚೈನ್ ಏರಿಸಬಲ್ಲೆ, ಬೆಲ್ ಕೆಟ್ಟರೆ ಬಾಯಲ್ಲೇ ಬಾರಿಸಬಲ್ಲೆ!

ಆದರೆ ಅಂದು ನಮ್ಮ ಗೇಟಿನೊಳಗೆ ನಿಂತಿದ್ದುದು ನನ್ನ ಸೈಕಲ್ ಅಲ್ಲ. ನನ್ನ ಹೆಂಡತಿ ವಿಮಲಳ ತಮ್ಮ ರಮೇಶನ ರೇಸ್ ಸೈಕಲ್. ಊರಿಗೆ ವಾಪಸು ಹೊರಟಿದ್ದ ಜರ್ಮನಿಯವನೊಬ್ಬನಿಂದ ಕೊಂಡಿದ್ದ. ಮರುದಿನ ವಿಜಯದಶಮಿಗೆ ಅವನ ಮೊದಲ ದೊಡ್ಡ ರೇಸ್. ಅದಕ್ಕಾಗಿ ಕೋಳಿ ಕೂಗುವ ಮೊದಲೇ ಎದ್ದು ಕನಕಪುರ ರಸ್ತೆಯಲ್ಲಿ ಬೆವರು ಸುರಿಸಿದ್ದ. ಅಕ್ಕನ ಕೈಯಲ್ಲೇ ಪೂಜೆಯಾಗಲಿ ಎಂದು ಹಿಂದಿನ ದಿನ ಸೈಕಲ್ ತಂದು ಬಿಟ್ಟು, ಹೋಗುವಾಗ ನನ್ನ ಕೈ ಹಿಡಿದುಕೊಂಡ.

"ಭಾವ, ಹೂವ ಹಾಕಿ, ಕುಂಕುಮ ಇಡಿ, ಏನ್ ಬೇಕಾದ್ರೂ ಮಾಡಿ. ಮುಂದಿನ ಚಕ್ರ ಮಾತ್ರ ಬಿಚ್ಬೇಡಿ."

ಬಿಚ್ಚಬೇಡಿ ಎಂದ ಮೇಲೆ ಬಿಚ್ಚದೆ ಇರುವುದು ಹೇಗೆ?

ಆ ಚಕ್ರಕ್ಕೆ ನಮ್ಮ ಸೈಕಲ್ಲಿನ ಹಾಗೆ ದಪ್ಪ ನಟ್ಟುಗಳಿರಲಿಲ್ಲ. ಒಂದು ಕಡೆ ಬೆರಳುದ್ದದ ಹಿಡಿ, ಇನ್ನೊಂದು ಕಡೆ ಪುಟ್ಟ ತಿರುಪು. ಹಿಡಿ ಎಳೆದರೆ ಸಾಕು, ಸ್ಪ್ಯಾನರ್ ಇಲ್ಲದೆ ಚಕ್ರ ಸಡಿಲ! ಚಕ್ರ ತೆಗೆದು ತೊಳೆದರೇನೇ ಪೂಜೆ ಶಾಸ್ತ್ರೋಕ್ತ ಎಂದು ನಾನೇ ಒಂದು ಶಾಸ್ತ್ರ ರಚಿಸಿಕೊಂಡೆ.

"ರೀ, ಅವ್ನು ಬೇಡ ಅಂತ ಹೇಳಿ ಹೋಗಿದಾನಲ್ಲ?" ಎಂದಳು ವಿಮಲ, ಮಾವಿನ ತೋರಣ ಕಟ್ಟುತ್ತಾ.

"ನಿನ್ ತಮ್ಮ ಚಡ್ಡಿ ಹಾಕೋಕೆ ಮುಂಚೆ ನಾನು ಸೈಕಲ್ ಹೊಡೀತಿದ್ದೆ ಕಣೇ!"

ಬ್ರೇಕ್ ಅಡ್ಡ ಬಂತು, ಸಡಿಲಿಸಿದೆ. ಚಕ್ರ ಕೈಗೆ ಬಂತು. ಹುಮ್ಮಸ್ಸು ತಡೆಯದೆ ತಿರುಪನ್ನೂ ಪೂರ್ತಿ ಬಿಚ್ಚಿದೆ. ನಡುವಿನ ಉದ್ದ ಕಡ್ಡಿ ಈಚೆ ಬಂತು, ಜೊತೆಗೆ ಎರಡು ಪುಟ್ಟ ಸ್ಪ್ರಿಂಗುಗಳು. ತೊಳೆದೆ, ಒರೆಸಿದೆ, ಮತ್ತೆ ಜೋಡಿಸಿದೆ. ಒಂದು ಸ್ಪ್ರಿಂಗ್ ಉಳಿಯಿತು. ಜರ್ಮನಿಯವರು ಧಾರಾಳಿಗಳು, ಒಂದು ಹೆಚ್ಚಿಗೇ ಕೊಟ್ಟಿದ್ದಾರೆ ಎಂದು ಜೇಬಿಗೆ ಹಾಕಿಕೊಂಡೆ. ಆಮೇಲೆ ಹಿಡಿಯನ್ನು ನಲ್ಲಿ ತಿರುಗಿಸುವ ಹಾಗೆ ಗರಗರ ತಿರುಗಿಸಿದೆ. ಒಂದು ಹಂತದಲ್ಲಿ ನಿಂತಿತು. ಬಿಗಿಯಾಗಿದೆ ಎಂದು ತೀರ್ಪು ಕೊಟ್ಟೆ. ಹಿಡಿ ಮಾತ್ರ ಹೊರಕ್ಕೆ ಚಾಚಿಕೊಂಡಿತ್ತು. ಅದಕ್ಕೊಂದು ಸೇವಂತಿಗೆ ಸಿಕ್ಕಿಸಿದೆ. ಬ್ರೇಕನ್ನು ಮತ್ತೆ ಬಿಗಿಯಬೇಕೆಂಬುದು ನೆನಪಿಗೇ ಬರಲಿಲ್ಲ.

ಸೈಕಲ್ ಬೀದಿಗೆ ಬಂತು. ವಿಮಲ ಆರತಿ ಎತ್ತಿ, ಸ್ವಲ್ಪ ಮುಂದೆ ಒಂದು ನಿಂಬೆಹಣ್ಣು ಇಟ್ಟಳು. ಚಕ್ರ ಅದರ ಮೇಲೆ ಹತ್ತಿ ಹಣ್ಣು ಅಪ್ಪಚ್ಚಿಯಾದರೆ ದೃಷ್ಟಿಯೆಲ್ಲ ಕಳೆದ ಹಾಗೆ.

"ತಳ್ಕೊಂಡೇ ಹತ್ಸಿ, ಸಾಕು."

ರೇಸ್ ಸೈಕಲ್ಲನ್ನು ತಳ್ಳುವುದೇ? ಇಡೀ ಬೀದಿ ನೋಡುತ್ತಿರುವಾಗ? ಏರಿ ಕುಳಿತೆ. ಹಣ್ಣು ಹತ್ತಿರ ಬಂತು. ಚಕ್ರ ಸರಿಯಾಗಿ ಅದರ ನೆತ್ತಿಯ ಮೇಲೇ ಇಳಿಯಲಿ ಎಂದು ಹ್ಯಾಂಡಲ್ ಜಗ್ಗಿ ಮೇಲಕ್ಕೆತ್ತಿದೆ.

ಹ್ಯಾಂಡಲ್ ಬಂತು. ಚಕ್ರ ಬರಲಿಲ್ಲ!

ಅದು ನಿಂಬೆಹಣ್ಣನ್ನು ಮರ್ಯಾದೆಯಿಂದ ಬಳಸಿಕೊಂಡು, ನಮ್ಮ ಬೀದಿಯ ಇಳಿಜಾರಿನಲ್ಲಿ ತಾನೊಂದೇ ಹೊರಟಿತು. ನಾನು ಮುಂದಕ್ಕೆ ಮಗುಚಿ ಬಿದ್ದೆ. ಸೈಕಲ್ ನನ್ನ ಮೇಲೆ ಬಿತ್ತು. ಕೆಳಗಡೆ ಸ್ಕೂಟರಿಗೆ ಪೂಜೆ ಮಾಡುತ್ತಿದ್ದ ಪಕ್ಕದ ಮನೆಯ ರಾಯರು ಚಕ್ರ ಹಿಡಿದು ಕೂಗಿದರು:

"ಸಾರ್, ನಿಮ್ ಚಕ್ರ ಬಂತು! ಮಿಕ್ಕಿದ್ದು ಎಷ್ಟೊತ್ತಿಗೆ ಬರುತ್ತೆ?"

ಅದೇ ಹೊತ್ತಿಗೆ ಹೊಸ ಶರಟು ಹಾಕಿಕೊಂಡು ರಮೇಶ ಬಂದ. ಅವನ ಮುಖ ಬಿಳಿಚಿಕೊಂಡಿತು. ಹುಡುಗನ ಅಷ್ಟು ದಿನದ ಬೆವರನ್ನು ನೀರುಪಾಲು ಮಾಡಿಬಿಟ್ಟೆನಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಯಿತು. ಅವನು ಓಡಿ ಬಂದ. ನನ್ನನ್ನು ಎತ್ತಲು ಅಲ್ಲ. ಸೈಕಲ್ಲಿನ ಮುಂದೆ ಚಕ್ರ ಕೂರುವ ಕವಲನ್ನು ಸವರಿ ನೋಡಲು.

"ಅಕ್ಕಾ, ಏನೂ ಆಗಿಲ್ಲ! ನೆಲಕ್ಕೆ ತಾಗೇ ಇಲ್ಲ. ಭಾವನ ಹೊಟ್ಟೆ ಮೇಲೆ ಬಿದ್ದಿದೆ!"

"ಸದ್ಯ, ದೇವರು ದೊಡ್ಡೋನು!" ಎಂದು ವಿಮಲ ಕೈ ಮುಗಿದಳು. ಮುಗಿದದ್ದು ದೇವರಿಗೆ, ನನ್ನ ಹೊಟ್ಟೆಗಲ್ಲ.

ರಮೇಶ ಚಕ್ರವನ್ನೂ ನನ್ನ ಜೇಬಿನ ಸ್ಪ್ರಿಂಗನ್ನೂ ಇಸಿದುಕೊಂಡ. ಚಕ್ರವನ್ನು ಕವಲಿನಲ್ಲಿ ನೆಟ್ಟಗೆ ಕೂರಿಸಿ, ಆ ಕಡೆಯ ತಿರುಪು ಬಿಗಿದು, ಈ ಕಡೆಯ ಹಿಡಿಯನ್ನು ಅಂಗೈಯಿಂದ ಒತ್ತಿ ಮಡಚಿದ.

"ಇದು ತಿರುಗ್ಸೋದಲ್ಲ ಭಾವ, ಮಡಚೋದು. ಅಂಗೈಲಿ ಅಚ್ಚು ಬೀಳ್ಬೇಕು, ಆಗ್ಲೇ ಬಿಗಿ ಅಂತ ಅರ್ಥ."

ಬ್ರೇಕನ್ನೂ ಬಿಗಿದು, ಸೈಕಲ್ ಎತ್ತಿ ಚಕ್ರಕ್ಕೆ ಗುದ್ದಿ ತೋರಿಸಿದ. ಅಲ್ಲಾಡಲಿಲ್ಲ. ಅವನ ಅಂಗೈಯಲ್ಲಿ ಒಂದೇ ಅಚ್ಚು ಬಿದ್ದಿತ್ತು. ನನಗೆ ಮೈಯೆಲ್ಲ ಬಿದ್ದಿತ್ತು.

ಮರುದಿನ ರಮೇಶ ರೇಸ್ ಗೆದ್ದ. ಗೆಲುವಿನ ಕಾರಣವನ್ನು ವಿಮಲ ಬೀದಿಗೆಲ್ಲ ಸಾರಿದಳು: "ದೃಷ್ಟಿಯೆಲ್ಲ ಇವ್ರ ಮೇಲೆ ಹೋಯ್ತು ನೋಡಿ!"

ಮುಂದಿನ ವರ್ಷ ಮತ್ತೆ ಅದೇ ಪೂಜೆ, ಅದೇ ಸೈಕಲ್, ಮತ್ತೆ ಮರುದಿನ ರೇಸ್. ವಿಮಲ ಚಕ್ರದ ಮುಂದೆ ನಿಂಬೆಹಣ್ಣಿಟ್ಟಳು. ಆಮೇಲೆ ಏನೋ ಯೋಚಿಸಿ ಅದನ್ನು ಕೈಗೆತ್ತಿಕೊಂಡು, ನನ್ನ ಕಡೆ ತಿರುಗಿ ಬಹಳ ನಯವಾಗಿ ಕೇಳಿದಳು:

"ರೀ, ಹಣ್ಣಿಗಿಂತ ಹೋದ್ಸಲದ್ದೇ ಚೆನ್ನಾಗಿ ಫಲಿಸ್ತು ಅಲ್ವಾ? ಇಲ್ಲಿ ಒಂಚೂರು ಮಲಕ್ಕೋತೀರಾ?"