ಬೀಗರ ಬಲಗೈಯೂ ಕೊರಿಯಾದ ಕಷಾಯವೂ

ನಮ್ಮ ಬೀಗರಷ್ಟು ಸಂತೋಷವಾಗಿ ಸೂಜಿ ಚುಚ್ಚಿಸಿಕೊಳ್ಳುವ ಮನುಷ್ಯನನ್ನು ನಾನಂತೂ ಕಂಡಿಲ್ಲ! ಮಂಡ್ಯದಲ್ಲಿ ಒಂದು ಇಂಜೆಕ್ಷನ್ನಿಗೆ ಹೆದರಿ ಕಾಂಪೌಂಡು ಹಾರಿದ್ದವರು, ಅಮೆರಿಕದ ಸಾಂಟಾ ಕ್ಲಾರಾಕ್ಕೆ ಬಂದ ಮೇಲೆ ವಾರಕ್ಕೆರಡು ಸಲ ಕೊರಿಯಾದ ಅಕ್ಯುಪಂಕ್ಚರ್ ವೈದ್ಯರೊಬ್ಬರ ಮುಂದೆ ಮೈಯೊಡ್ಡಿ ಮಲಗುತ್ತಿದ್ದರು. ಎಂಬತ್ತರ ದಶಕದ ಮಾತಿದು.

ಬೀಗರೆಂದರೆ ನನ್ನ ಅಳಿಯನ ತಂದೆ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಇನ್ನು ಸುಧಾರಿಸುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ನನ್ನ ಮಗಳಿಗೆ ಏಳು ತಿಂಗಳು, ಅದೂ ಮದುವೆಯಾಗಿ ಒಂಬತ್ತು ವರ್ಷದ ಮೇಲೆ! ಬಾಣಂತನಕ್ಕೆಂದು ನಾನು ಬಂದಿಳಿದೆ. ನಾಮಕರಣದ ದಿನ ಮೊಮ್ಮಗುವನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳಬೇಕು, ಇಷ್ಟೇ ಬೀಗರ ಹಟ. ಹೊರಗೆ ಚಳಿಗಾಲದ ಮಂಜು. ಅವರು ಕಿಟಕಿಯ ಪಕ್ಕ ಕೂತು ಎಡಗೈಯಿಂದ ಬಲಗೈಯನ್ನು ಎತ್ತುವುದು, ಅದು ಧೊಪ್ಪೆಂದು ಬೀಳುವುದು. ನೋಡಲಾಗುತ್ತಿರಲಿಲ್ಲ.

ಒಂದು ದಿನ ಮಂಡಿನೋವಿಗೆಂದು ನನ್ನನ್ನೂ ಆ ವೈದ್ಯರ ಹತ್ತಿರ ಎಳೆದೊಯ್ದರು. ಗೋಡೆ ತುಂಬ ಮರದ ಪುಟ್ಟ ಪುಟ್ಟ ಡ್ರಾಯರುಗಳು, ಬೇರಿನ ವಾಸನೆ. ಥೇಟ್ ನಮ್ಮೂರ ಗ್ರಂದಿಗೆ ಅಂಗಡಿ! ಕಾದು ಕೂತವರಲ್ಲಿ ಕೊರಿಯಾದ ಮುದುಕರು ಮೂವರೇ. ಮಿಕ್ಕವರು ಸೊಂಟ ಹಿಡಿದ ಮೆಕ್ಸಿಕೋದ ತೋಟಗಾರ, ಇಬ್ಬರು ಬಿಳಿ ಹೆಂಗಸರು, ಮತ್ತೆ ಬೀಗರು ಒಬ್ಬೊಬ್ಬರನ್ನಾಗಿ ಕರೆತಂದು ಸೇರಿಸಿದ್ದ ಕನ್ನಡದ ಹಿರಿಯರು ನಾಲ್ವರು! ಮೊದಲು ತಮ್ಮ ಕೊರಿಯಾದ ಜನವೇ ಬರುತ್ತಿದ್ದರಂತೆ. ಈಗ ಹೊರಗಿನವರು ಹೆಚ್ಚಿ, ತಮ್ಮ ಮಕ್ಕಳು ಮಾತ್ರ ಕೆಮ್ಮಿದರೂ ಆಸ್ಪತ್ರೆಗೆ ಓಡುತ್ತಾರಂತೆ. ವೈದ್ಯರು ನಾಡಿ ಹಿಡಿದುಕೊಂಡೇ ಹೇಳಿದ ಈ ದುಃಖವನ್ನು ಜೊತೆಗೆ ಬಂದಿದ್ದ ಅಳಿಯ ನಮಗೆ ಕನ್ನಡದಲ್ಲಿ ತಿಳಿಸಿದ. ಬೀಗರು ಮಗನನ್ನೇ ದುರುಗುಟ್ಟಿ ನೋಡಿದರು. ಅವನೂ ಓಡುವವನೇ ತಾನೆ?

ಇನ್ನು ಆ ವೈದ್ಯರು ಕೊಡುತ್ತಿದ್ದ ಕಷಾಯದ ಕಥೆ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಅಂಗಡಿಯವನ ಪ್ರಾಣ ಹಿಂಡುವ ಬೀಗರಿಗೆ, ಎರಡು ತಿಂಗಳು ಕುಡಿದ ಮೇಲೆ ಅದರಲ್ಲಿ ಜಿಂಕೆಯ ಕೊಂಬಿದೆ ಎಂದು ಗೊತ್ತಾಯಿತು! ಮಾಂಸ ಇದೆಯಾ ಎಂದು ಕೇಳಿದ್ದರು, ವೈದ್ಯರು ಇಲ್ಲ ಎಂದಿದ್ದರು. ಕೊಂಬಿನ ವಿಚಾರ ಯಾರು ಕೇಳುತ್ತಾರೆ? ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಮ್ಮ ಲೋಟ ಬೇರೆ ಇಡಲೇ ಎಂದು ನಾನೂ ಕೆಣಕಿದೆ.

“ಋಷಿಗಳು ಜಿಂಕೆ ಚರ್ಮದ ಮೇಲೆ ಕೂರ್ಲಿಲ್ವಾ ಬೀಗಿತ್ತಿಯವರೇ? ಅವರು ಕೂತ್ರು, ನಾನು ಕುಡಿದೆ, ಅಷ್ಟೇ.”

ಹಾಗೆಂದವರು ಬಚ್ಚಲಿಗೆ ಹೋಗಿ ಅರ್ಧ ಗಂಟೆ ಬಾಯಿ ಮುಕ್ಕಳಿಸಿದರು. ಮರುದಿನ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ಮತ್ತೆ ಕುಡಿದರು.

ಮೊಮ್ಮಗಳು ಹುಟ್ಟಿದಳು. ನನ್ನ ಕಾಲು ನೆಲದ ಮೇಲೇ ಇರಲಿಲ್ಲ! ಆದರೆ ನಾಮಕರಣದ ದಿನಕ್ಕೂ ಆ ಕೈ ಏಳಲಿಲ್ಲ. ಮಗಳು ಮಗುವನ್ನು ಕೊಡಲು ಹೋದಾಗ, “ಬೇಡಮ್ಮ, ಬೀಳಿಸ್ಬಿಡ್ತೀನಿ,” ಎಂದು ಬೀಗರು ಮುಖ ತಿರುಗಿಸಿಕೊಂಡರು.

ಬೀಗರೆಂದರೆ ಸೆರಗು ಹೊದ್ದು, ಮಾರು ದೂರ ನಿಂತು ಮಾತಾಡುವವಳು ನಾನು. ಅಂದು ಅದೇನಾಯಿತೋ, ಹೋಗಿ ಅವರ ಬಲಪಕ್ಕಕ್ಕೆ ಒತ್ತಿಕೊಂಡೇ ಕೂತೆ. ಮಗುವಿನ ತಲೆಯನ್ನು ಅವರ ಎಡಗೈ ಮೇಲಿಟ್ಟು, ಬಲಗೈ ಇರಬೇಕಾದ ಕಡೆ ನನ್ನ ಕೈ ಕೊಟ್ಟೆ.

“ಎತ್ಕೊಳ್ಳಿ,” ಎಂದೆ.

ಎತ್ತಿಕೊಂಡರು. ಮಗು ಹಾಗೇ ನಿದ್ದೆ ಹೋಯಿತು. ಬಹಳ ಹೊತ್ತಾಯಿತು. ನನ್ನ ಕೈಯೂ ಮರಗಟ್ಟಿತು. ತೆಗೆಯಲಿಲ್ಲ.