ಮ್ಯಾಕ್ರೊ ಲೆನ್ಸಿನಲ್ಲಿ ಕಂಡ ಗುಡ್ಡ

ಇರುವೆಯ ಮೀಸೆ ಎಣಿಸಬಲ್ಲ ಲೆನ್ಸ್ ನನ್ನ ಕೈಯಲ್ಲಿರುವಾಗ, ನಮ್ಮ ಕನ್ನಡ ಸಂಘದ ಸಂಕ್ರಾಂತಿ ಛಾಯಾಚಿತ್ರ ಸ್ಪರ್ಧೆಯ ಮೊದಲ ಬಹುಮಾನ ಬೇರೆಯವರಿಗೆ ಹೋಗಲು ಕಾರಣವೇ ಇರಲಿಲ್ಲ. ವಿಷಯ: ‘ನಮ್ಮ ಹೈದರಾಬಾದ್’. ಕೋಠಿ ಪೇಟೆಯಿಂದ ಈ ಮ್ಯಾಕ್ರೊ ಲೆನ್ಸ್ ತಂದ ದಿನವೇ ಹೆಂಡತಿ ಸುಮಿತ್ರಾ ಷರತ್ತು ಹಾಕಿದ್ದಳು.

“ಬಹುಮಾನ ಬಂದ್ರ ಇಟ್ಕೋರಿ. ಇಲ್ಲಾಂದ್ರ ಅಂಗಡಿಗೆ ವಾಪಸ್ ಕೊಟ್ಟು ಮಿಕ್ಸರ್ ತರ್ರಿ.”

ಲೆನ್ಸಿನ ಪ್ರಾಣ ಹೀಗೆ ಬಹುಮಾನದಲ್ಲಿ ಸಿಕ್ಕಿಕೊಂಡಿತು.

ಅಭ್ಯಾಸಕ್ಕೆಂದು ಇರುವೆಗಳನ್ನು ಗೌರವಪೂರ್ವಕವಾಗಿ ಆಹ್ವಾನಿಸಿದೆ. ಬಾಲ್ಕನಿಯಲ್ಲಿ ಬೆಲ್ಲದ ಪುಡಿ ಚೆಲ್ಲಿ, ಬೋರಲು ಮಲಗಿ ಕಾದೆ. ಬಂದವು. ಆದರೆ ಈ ಲೆನ್ಸಿಗೆ ಒಂದು ದುರ್ಬುದ್ಧಿ ಇದೆ. ಕೂದಲೆಳೆಯಷ್ಟು ಜಾಗ ಸ್ಪಷ್ಟ, ಅದರಾಚೆಗೆಲ್ಲ ಮಂಜು. ತಲೆಗೆ ಫೋಕಸ್ ಮಾಡುವಷ್ಟರಲ್ಲಿ ಇರುವೆಯೇ ಹೊರಟುಹೋಗಿರುತ್ತಿತ್ತು. ಬೆಲ್ಲ ಮುಗಿಸಿದ ಅತಿಥಿಗಳು ಮೊದಲು ನನ್ನ ಅಂಗಿಯೊಳಗೆ, ನಂತರ ಸಾಲುಗಟ್ಟಿ ಅಡುಗೆಮನೆಗೆ ನಡೆದವು. ಅಲ್ಲಿ ಸುಮಿತ್ರಾ ಹಬ್ಬಕ್ಕೆಂದು ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿಗಳಿದ್ದವು.

“ಏನ್ರೀ, ಮನ್ಯಾಗ ಇರಿವಿ ಸಾಕಾಕತ್ತೀರೇನು?”

ಓಡಿಹೋಗಿ ಕ್ಯಾಮೆರಾವನ್ನು ರೊಟ್ಟಿಯ ಪಕ್ಕದಲ್ಲಿಟ್ಟು ಅಂಗಿ ಕೊಡವಿಕೊಂಡೆ. ಮೊಣಕೈ ತಗುಲಿ ಬಟನ್ ಒತ್ತಿಹೋಯಿತು. ಅಂದು ತೆಗೆದವುಗಳಲ್ಲಿ ಮಂಜಾಗದೆ ಉಳಿದದ್ದು ಆ ಫೋಟೊ ಒಂದೇ. ಮುಂದೆ ಎಳ್ಳು ಮೆತ್ತಿದ ರೊಟ್ಟಿಯ ಅಂಚು, ಹಿಂದೆ ಮಸುಕಾಗಿ ಒಂದು ಇರುವೆ, ಅದರಾಚೆ ನೀಲಿ ಬಕೆಟ್. ಬೇರೆ ಗತಿಯಿಲ್ಲದೆ ಅದನ್ನೇ ಸ್ಪರ್ಧೆಗೆ ಕೊಟ್ಟುಬಂದೆ.

ತೀರ್ಪುಗಾರರು ನಿವೃತ್ತ ಭೂವಿಜ್ಞಾನಿ. ನನ್ನ ಫೋಟೊದ ಮುಂದೆ ಬಹಳ ಹೊತ್ತು ನಿಂತರು.

“ಈ ಬಂಡೆಗಲ್ಲು ನೋಡ್ರಿ. ಅಪ್ಪಟ ಗ್ರಾನೈಟ್. ಸಾಫ್ಟ್‌ವೇರ್ ಕಂಪನಿ ಬರ್ತಾವಂತ ಗುಡ್ಡ ಎಲ್ಲಾ ಸಿಡಿಸಾಕತ್ತಾರ. ನೀವು ಫೋಟೊದಾಗ ಒಂದರೆ ಉಳಿಸಿದ್ರಿ.” ಅವರ ಕಣ್ಣು ತುಂಬಿಬಂತು. “ಹಿಂದ ನೀಲಿ ಆಕಾಶ, ಮಂಜಿನ್ಯಾಗ ಎಮ್ಮಿ ಮೇಯಾಕತ್ತೈತಿ, ಭಾಳ ಚಂದ.”

ಎಳ್ಳಿಗೆ ಗ್ರಾನೈಟ್ ಪದವಿ, ಬಕೆಟ್ಟಿಗೆ ಆಕಾಶದ ಪಟ್ಟ, ಇರುವೆಗೆ ಎಮ್ಮೆಯ ಬಡ್ತಿ! ನಿಜ ಹೇಳಬೇಕಿತ್ತು. ಆದರೆ ಮಿಕ್ಸರ್ ನೆನಪಾಯಿತು.

“ಹೌದ್ರಿ, ಎಮ್ಮಿ,” ಎಂದೆ.

ಮೊದಲ ಬಹುಮಾನ! ಹೆಗಲಿಗೆ ಶಾಲು ಬಿತ್ತು, ಸಭೆ ಚಪ್ಪಾಳೆ ತಟ್ಟಿತು, ಲೆನ್ಸ್ ಬದುಕಿತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಮುಂದಿನ ಸಾಲಿನಲ್ಲಿ ಸುಮಿತ್ರಾ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ತನ್ನ ರೊಟ್ಟಿಯ ಗುರುತು ಅವಳಿಗೆ ಸಿಗದಿದ್ದೀತೇ?

ಅಷ್ಟರಲ್ಲಿ ಸಂಘದ ಅಧ್ಯಕ್ಷರು ಮೈಕು ಹಿಡಿದರು.

“ಆ ಗುಡ್ಡ ಸಿಡಿಸೂ ಮೊದಲ ನಾವೆಲ್ಲಾ ಹೋಗಿ ನೋಡಿ ಬರೋಣು. ಬರೂ ರವಿವಾರ ಬಸ್ ಮಾಡೇವಿ. ದಾರಿ ಇವರs ತೋರಿಸ್ತಾರ.”

ಮತ್ತೆ ಚಪ್ಪಾಳೆ. ನಾನು ಶಾಲಿನಿಂದ ಬೆವರು ಒರೆಸಿಕೊಳ್ಳುತ್ತ ಬಂದು ಹೆಂಡತಿಯ ಪಕ್ಕ ಕೂತೆ.

“ಅಂಜಬ್ಯಾಡ್ರಿ,” ಎಂದಳು ಸುಮಿತ್ರಾ. “ಬುತ್ತಿ ನಾ ಕಟ್ಟಿ ಕೊಡ್ತೀನಿ. ಬಿಚ್ಚಿದ್ರ ಗುಡ್ಡ ಅದರಾಗs ಇರತೈತಿ. ಎಮ್ಮಿ ಮಾತ್ರ ನೀವು ಹಿಡ್ಕೊಂಡು ಬರ್ರಿ.”