ಅಧ್ಯಕ್ಷರು ಕೇಳಲು ಹೋದ ಪ್ರಶ್ನೆ

ಹೆಂಡತಿ: ಅಲ್ಲಾ, ಸಭೇಲಿ ಡಾಕ್ಟರನ್ನ ಏನೂ ಕೇಳ್ಲೇ ಇಲ್ವಾ ನೀವು?

ನಾನು: ಕೇಳಿದೆ ಕಣೇ. ಆರೋಗ್ಯವಾಗಿದೀರಾ ಅಂತ ಕೇಳಿದೆ.

ಹೆಂಡತಿ: ನೋವು ತಿನ್ನೋ ಹೆಂಗಸರನ್ನ ಹೊರಗಡೆ ಬೆಂಚಿನ ಮೇಲೆ ಯಾಕೆ ಕೂರಿಸ್ತೀರಿ ಅಂತ ಕೇಳೋಕೆ ತಾನೇ ಜನ ನಿಮ್ಮನ್ನ ಆರಿಸಿದ್ದು?

ನಾನು: ಅದಕ್ಕೇ ಬಾಯಿ ತೆಗೆದೆ. ಅಷ್ಟರಲ್ಲಿ ಟೀ ಬಂತು.

ನಾನು ದರ್ಜಿ. ಹೆರಿಗೆ ಆಸ್ಪತ್ರೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು ಜನರೇ ಸೇರಿ ಕಟ್ಟಿದ ಸಮಿತಿಯ ಅಧ್ಯಕ್ಷ. ಯಾರಿಗೂ ಎದುರಾಡುವವನಲ್ಲ ಎಂಬ ಒಂದೇ ಕಾರಣಕ್ಕೆ ಅವಿರೋಧವಾಗಿ ಆಯ್ಕೆಯಾದವನು. ಈ ಮಾತು ನಡೆದದ್ದು ಆಸ್ಪತ್ರೆಯ ವರಾಂಡದಲ್ಲೇ. ದಿನ ತುಂಬಿದ ಮಗಳನ್ನು ತೋರಿಸಲು ಕರೆತಂದಿದ್ದೆವು. ಪಕ್ಕದ ಬೆಂಚಿನಲ್ಲಿ ಒಬ್ಬಳು ಹಲ್ಲು ಕಚ್ಚಿ ನೋವು ನುಂಗುತ್ತಿದ್ದಳು. ಬಂದುಹೋಗುವವರೆಲ್ಲ ಅವಳ ಕಾಲು ದಾಟಿಕೊಂಡೇ ಹೋಗುತ್ತಿದ್ದರು.

ಮಗಳು: ಅಪ್ಪ, ನಂಗೂ ಇದೇ ಬೆಂಚಾ?

ನಾನು: ಛೆ, ನೀನು ಅಧ್ಯಕ್ಷರ ಮಗಳು. ಗೋಡೆ ಪಕ್ಕದ್ದು ಕೊಡಿಸ್ತೀನಿ, ಒರಗಿಕೊಳ್ಳಬಹುದು.

ಹೆಂಡತಿ ನೋಡಿದ ನೋಟಕ್ಕೆ ನಾನು ಎದ್ದು ನಿಂತೆ. ಅಷ್ಟರಲ್ಲಿ ನರ್ಸಮ್ಮ ಎದುರಾದರು.

ನಾನು: ನರ್ಸಮ್ಮ, ಒಂದು ಸಣ್ಣ ವಿಷಯ. ತಪ್ಪು ತಿಳ್ಕೋಬೇಡಿ. ಬಿಡುವಿದ್ರೆ ಹೇಳಿ, ಇಲ್ದಿದ್ರೂ ಪರವಾಗಿಲ್ಲ…

ಹೆಂಡತಿ: ಆ ಮೂಲೆ ರೂಮಿಗೆ ಯಾಕೆ ಬೀಗ?

ನರ್ಸಮ್ಮ: ಯಾರು ಕೇಳ್ತಿರೋದು?

ಹೆಂಡತಿ: ಇವರು.

ನಾನು: ಇವಳು.

ನರ್ಸಮ್ಮ: ಅದು ಎರಡನೇ ಹೆರಿಗೆ ಕೋಣೆ. ಯಾರದೋ ಸಾಮಾನು ತುಂಬಿದೆ. ಅಧ್ಯಕ್ಷರ ಮುಂದೆ ಅದೆಲ್ಲ ಬೇಡ ಬಿಡಿ.

ನಾನು: ಬಿಡೋದಾ? ಎಷ್ಟೇ ದೊಡ್ಡವರಾಗ್ಲಿ, ಸಮಿತಿ ಸುಮ್ನಿರಲ್ಲ. ತೆಗೀರಿ ಬೀಗ.

ನನ್ನ ದನಿ ಅಷ್ಟು ಏರಿದ್ದು ಅದೇ ಮೊದಲು. ಬೆಂಚಿನವಳೂ ಒಂದು ಗಳಿಗೆ ನೋವು ಮರೆತು ತಿರುಗಿ ನೋಡಿದಳು. ಬಾಗಿಲು ತೆರೆಯಿತು. ಒಳಗೆ ಮಂಚದ ಮೇಲೆ, ಕೆಳಗೆ, ಸೂರಿನ ತನಕ ಪ್ಲಾಸ್ಟಿಕ್ ಕುರ್ಚಿಗಳು. ಅವುಗಳ ಮೇಲೆ ನಾನೇ ಹೊಲಿದುಕೊಟ್ಟ ಬ್ಯಾನರು: ‘ತಾಯಂದಿರ ಆರೋಗ್ಯ ಕಾವಲು ಸಮಿತಿ’.

ನರ್ಸಮ್ಮ: ಸಭೆ ಕುರ್ಚಿಗಳಿಗೆ ಜಾಗ ಬೇಕು ಅಂತ ನೀವೇ ಅಂದ್ರಲ್ಲ ಸರ್. ನಿಮಗೆ ಇಲ್ಲ ಅನ್ನೋಕೆ ಡಾಕ್ಟರಿಗೆ ಸಂಕೋಚ ಆಯ್ತು.

ಹೆಂಡತಿ: ನೀವೂ ಸುಮ್ನಿದ್ರಾ?

ನರ್ಸಮ್ಮ: ಇಲ್ಲಮ್ಮ, ಡಾಕ್ಟರಿಗೆ ಹೇಳಿದೆ. ಸಮಿತಿಗೆ ದೂರು ಕೊಡಿ ಅಂದ್ರು.

ಹೆಂಡತಿ ಒಂದು ಕುರ್ಚಿ ಎತ್ತಿ ನನ್ನ ತಲೆಯ ಮೇಲಿಟ್ಟಳು. ವರಾಂಡದಲ್ಲಿದ್ದವರೆಲ್ಲ ಕೈ ಹಾಕಿದರು. ಕೋಣೆ ತೊಳೆದದ್ದಾಯಿತು, ಬೆಂಚಿನವಳನ್ನು ಒಳಗೆ ಕರೆದೊಯ್ದರು. ಅವಳ ತಾಯಿಯನ್ನು ಮಾತ್ರ ನರ್ಸಮ್ಮ ಬಾಗಿಲಲ್ಲೇ ತಡೆದರು.

ನರ್ಸಮ್ಮ: ಜೊತೆಗೆ ಯಾರನ್ನೂ ಬಿಡೋ ಹಾಗಿಲ್ಲ.

ಹೆಂಡತಿ: ಕುರ್ಚಿಗಳನ್ನ ಬಿಟ್ಟಿದ್ರಲ್ಲ. ಅಮ್ಮ ಏನು, ಕುರ್ಚಿಗಿಂತ ಕಡೆನಾ?

ನರ್ಸಮ್ಮ ಬದಿಗೆ ಸರಿದರು. ಹೊರಗೆ ಹಾಕಿದ ಕುರ್ಚಿಗಳಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಕೂತಿದ್ದರು. ಗದ್ದಲ ಕೇಳಿ ಡಾಕ್ಟರು ಬಂದರು.

ಡಾಕ್ಟರು: ಇವತ್ತು ಸಭೆ ಇತ್ತಾ?

ಹೆಂಡತಿ: ಇರ್ಲಿಲ್ಲ. ಈಗ ಇದೆ, ಕೂತ್ಕೊಳ್ಳಿ. ಟೀ ಆಮೇಲೆ.

ಆಂಬ್ಯುಲೆನ್ಸ್ ಗಾಡಿ ಯಾಕೆ ತಡ, ಬಚ್ಚಲಲ್ಲಿ ನೀರು ಯಾಕಿಲ್ಲ, ಜೊತೆಗೆ ಬಂದವರನ್ನು ಯಾಕೆ ಗದರುತ್ತೀರಿ ಎಂದು ಹೆಂಗಸರು ಕೇಳುತ್ತಾ ಹೋದರು. ಡಾಕ್ಟರು ಬೆವರು ಒರೆಸಿಕೊಳ್ಳುತ್ತಾ ಒಂದೊಂದಕ್ಕೂ ಉತ್ತರ ಕೊಟ್ಟರು, ಕೆಲವಕ್ಕೆ ಗಡುವನ್ನೂ ಕೊಟ್ಟರು. ನನಗೆ ಕುರ್ಚಿ ಸಿಗದ ಕಾರಣ ನಿಂತೇ ಅಧ್ಯಕ್ಷತೆ ವಹಿಸಿದೆ.

ಮುಂದಿನ ವಾರ ಅದೇ ಕೋಣೆಯಲ್ಲಿ ಮಗಳಿಗೆ ಹೆರಿಗೆ. ಹೆಂಡತಿ ಒಳಗೆ ಅವಳ ಕೈ ಹಿಡಿದು ಕೂತಿದ್ದಳು. ಹೊರಗೆ ನನ್ನ ಕೈ ಹಿಡಿಯಲು ಯಾರೂ ಇರಲಿಲ್ಲ. ಕೊನೆಗೆ ನರ್ಸಮ್ಮ ಬಂದರು.

ನರ್ಸಮ್ಮ: ಹೆಣ್ಣು ಮಗು ಸರ್. ಇಬ್ರೂ ಚೆನ್ನಾಗಿದ್ದಾರೆ. ಸಮಿತಿ ಕಡೆಯಿಂದ ಏನಾದ್ರೂ ದೂರಿದೆಯಾ?

ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ಕಟ್ಟಡವೇ ಅದುರುವಂತೆ ಅಳತೊಡಗಿದಳು.

ಹೆಂಡತಿ (ಒಳಗಿನಿಂದ): ಸದ್ಯ, ತಾತನ ಬಾಯಿ ಬರಲಿಲ್ಲ ಇವಳಿಗೆ.